ಲಾಗ ಹಾಕುವ ಊರಿನಲ್ಲಿ ರಜೆಯ ಲೆಕ್ಕ

ದಾವಣಗೆರೆ ಅಂದರೆ ಬೆಣ್ಣೆ ದೋಸೆ, ಚನ್ನಪಟ್ಟಣ ಅಂದರೆ ಗೊಂಬೆ, ಕೊಡಗು ಅಂದರೆ ಹಾಕಿ. ಹಾಗೆಯೇ ತ್ರಿಪುರಾದ ರಾಜಧಾನಿ ಅಗರ್ತಲಾ ಅಂದರೆ ಜಿಮ್ನಾಸ್ಟಿಕ್ಸ್. ಈ ಮಾತು ನಮ್ಮ ಕಡೆಯವರಿಗೆ ಅಷ್ಟಾಗಿ ಗೊತ್ತಿಲ್ಲ. ಮೂರು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಬ್ಯಾಂಕಿನಿಂದ ಇಲ್ಲಿಗೆ ವರ್ಗವಾದಾಗ ನನಗೂ ಗೊತ್ತಿರಲಿಲ್ಲ. ಹಾಸನದ ನೆಂಟರೊಬ್ಬರು, "ಅಗರ್ತಲಾನಾ? ಅದು ಅಸ್ಸಾಮಿನಲ್ಲಿ ತಾನೇ?" ಅಂತ ಕೇಳಿದ್ದರು.

ಇಲ್ಲಿನ ಹೊತ್ತಿನ ಲೆಕ್ಕವೇ ಬೇರೆ. ದೇಶದ ಪೂರ್ವದ ಅಂಚಿನ ಊರು ನೋಡಿ, ಜೂನ್ ತಿಂಗಳಲ್ಲಿ ಬೆಳಗ್ಗೆ ಐದಕ್ಕೆ ಮೊದಲೇ ಬೆಳಕು ಹರಿದಿರುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ದೀಪ ಹಚ್ಚಬೇಕು. ಊರಿನ ನಡುವೆ ಎರಡು ಕೆರೆಗಳ ಹಿಂದೆ ಬಿಳಿಯ ಉಜ್ಜಯಂತ ಅರಮನೆ ನಿಂತಿದೆ. ಮಹಾರಾಜ ರಾಧಾಕಿಶೋರ ಮಾಣಿಕ್ಯರು 1901ರಲ್ಲಿ ಕಟ್ಟಿಸಿದ್ದು, ಈಗ ಮ್ಯೂಸಿಯಂ. ಅಲ್ಲಿಂದ ಎರಡು ಮೂರು ಕಿಲೋಮೀಟರ್ ಹೋದರೆ ಅಖೌರಾ ಚೆಕ್‌ಪೋಸ್ಟ್, ಅದರಾಚೆ ಬಾಂಗ್ಲಾದೇಶ. ಭಾಷೆ ಹೆಚ್ಚಾಗಿ ಬಂಗಾಳಿ, ಜೊತೆಗೆ ತ್ರಿಪುರಿ ಜನರ ಕೊಕ್‌ಬೊರೊಕ್. ಮಾರ್ಕೆಟ್ಟಿಗೆ ಹೋದರೆ ಎಳೆ ಬಿದಿರಿನ ಕಳಲೆ ಸಿಗುತ್ತದೆ. ಮಲೆನಾಡಿನವರಿಗೆ ತವರಿಗೆ ಬಂದಷ್ಟು ಸಂತೋಷವಾದೀತು.

ನಾವು ಮನೆ ಮಾಡಿದ್ದು ಧಲೇಶ್ವರ ಎಂಬ ಬಡಾವಣೆಯಲ್ಲಿ. ಬಂದ ತಿಂಗಳಲ್ಲೇ ಗಮನಿಸಿದೆ, ಬೆಳಗಿನ ಹಾಲು ತರಲು ಹೋದಾಗಲೆಲ್ಲ ಬೀದಿಯಲ್ಲಿ ಪುಟ್ಟ ಹುಡುಗಿಯರು ಕೂದಲು ಬಿಗಿಯಾಗಿ ಗಂಟು ಕಟ್ಟಿಕೊಂಡು, ಚೀಲ ಹಾಕಿಕೊಂಡು ಅಪ್ಪಂದಿರ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದರು. ನಮ್ಮಲ್ಲಿ ಮಕ್ಕಳನ್ನು ಸಂಗೀತಕ್ಕೋ ಭರತನಾಟ್ಯಕ್ಕೋ ಕಳಿಸುವ ಹಾಗೆ ಇಲ್ಲಿ ಜಿಮ್ನಾಸ್ಟಿಕ್ಸ್‌ಗೆ ಕಳಿಸುತ್ತಾರೆ. ಆಗ ಎಂಟು ವರ್ಷದವಳಾಗಿದ್ದ ನನ್ನ ಮಗಳು, "ಅಮ್ಮ, ನಾನೂ ಹೋಗ್ತೀನಿ" ಅಂದಳು. ಹತ್ತಿರದಲ್ಲೇ ಇದ್ದ ಒಂದು ಸಣ್ಣ ಕ್ಲಬ್ಬಿಗೆ ಸೇರಿಸಿದೆವು.

ಮಗಳನ್ನು ನಾವು ಮನೆಯಲ್ಲಿ ಪುಟ್ಟಿ ಅಂತ ಕರೆಯುವುದು. ಬಂಗಾಳಿಗಳಲ್ಲಿ ಪ್ರತಿ ಮಗುವಿಗೂ ಮನೆಯಲ್ಲಿ ಕರೆಯುವ ಇನ್ನೊಂದು ಹೆಸರು ಇದ್ದೇ ಇರುತ್ತದೆ. ಹಾಗಾಗಿ ಕ್ಲಬ್ಬಿನಲ್ಲಿ ಎಲ್ಲರಿಗೂ ಅವಳು ಪುಟ್ಟಿಯೇ ಆದಳು, ನಾನು 'ಪುಟ್ಟೀರ್ ಮಾ' ಆದೆ. ಮೊದಲ ದಿನ ಮಕ್ಕಳೆಲ್ಲ ಯಾಕೆ ಬಾಯಿ ಮುಚ್ಚಿಕೊಂಡು ನಕ್ಕರು ಅಂತ ಆಮೇಲೆ ತಿಳಿಯಿತು. ಪುಟಿ ಎಂಬುದು ಇಲ್ಲಿನ ಒಂದು ಸಣ್ಣ ಮೀನಿನ ಹೆಸರು!

ದೀಪಾ ಬೆಳೆದ ಊರು

ಈ ಊರಿಗೆ ಜಿಮ್ನಾಸ್ಟಿಕ್ಸ್ ಬಂದದ್ದು ನಿನ್ನೆ ಮೊನ್ನೆಯಲ್ಲ. ಬಂಗಾಳಿ ಊರುಗಳಲ್ಲಿ 'ಬ್ಯಾಯಾಮಾಗಾರ' ಅಂದರೆ ನಮ್ಮ ಗರಡಿಮನೆ ಇದ್ದ ಹಾಗೆ. ಅಗರ್ತಲಾದ ವಿವೇಕಾನಂದ ಬ್ಯಾಯಾಮಾಗಾರದ ಹೆಸರನ್ನು ಇಲ್ಲಿ ಕೇಳದವರಿಲ್ಲ. ತ್ರಿಪುರಾದ ಮಂಟು ದೇಬನಾಥ್ ಅವರಿಗೆ ಜಿಮ್ನಾಸ್ಟಿಕ್ಸ್‌ನಲ್ಲಿ ಅರ್ಜುನ ಪ್ರಶಸ್ತಿ ಬಂದದ್ದು 1975ರಷ್ಟು ಹಿಂದೆ. ಆದರೆ ಇಡೀ ದೇಶ ಈ ಊರಿನತ್ತ ತಿರುಗಿ ನೋಡಿದ್ದು ದೀಪಾ ಕರ್ಮಾಕರ್ ಅವರಿಂದ.

ದೀಪಾ ಆರನೇ ವಯಸ್ಸಿಗೆ ತರಬೇತಿಗೆ ಸೇರಿದಾಗ ಅವರದು ಚಪ್ಪಟೆ ಪಾದ. ಓಡಿ ಬಂದು ನೆಗೆಯುವ, ನೆಗೆದು ನಿಲ್ಲುವ ಆಟಕ್ಕೆ ಚಪ್ಪಟೆ ಪಾದ ದೊಡ್ಡ ತೊಡಕು. ಕೋಚ್ ಬಿಶ್ವೇಶ್ವರ ನಂದಿ ವರ್ಷಗಟ್ಟಲೆ ಕಷ್ಟಪಟ್ಟು ಆ ಪಾದವನ್ನು ತಿದ್ದಿದರು. ಹಳೇ ಸ್ಕೂಟರಿನ ಭಾಗಗಳಿಂದ ಮಾಡಿದ ಸ್ಪ್ರಿಂಗ್ ಹಲಗೆಯ ಮೇಲೆ ಆಕೆ ನೆಗೆಯುವುದನ್ನು ಕಲಿತ ಕಥೆಯನ್ನು ಇಲ್ಲಿ ಪ್ರತಿ ತಾಯಿಯೂ ಹೇಳುತ್ತಾಳೆ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್. ಅಲ್ಲಿ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ ಗಳಿಸಿ ನಾಲ್ಕನೆಯವರಾದರು. ಕಂಚು ತಪ್ಪಿದ್ದು ಬರೀ 0.15 ಅಂಕದಿಂದ.

ರಿಯೊ ನಂತರ ಬಂದ ಬಿಎಂಡಬ್ಲ್ಯು ಕಾರಿನ ಕಥೆ ನೀವೂ ಓದಿರಬಹುದು. ಅಗರ್ತಲಾದ ರಸ್ತೆ ಕಿರಿದು, ಊರಲ್ಲಿ ಆ ಕಾರಿಗೆ ಸರ್ವಿಸ್ ಮಾಡುವವರಿಲ್ಲ ಅಂತ ಆಕೆಯ ಮನೆಯವರು ಅದನ್ನು ಇಟ್ಟುಕೊಳ್ಳಲಿಲ್ಲ. ನಮ್ಮ ಆಟೋ ಅಣ್ಣ ಇದನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಾರೆಂದರೆ, ಕಾರು ವಾಪಸ್ ಕೊಟ್ಟದ್ದೇ ಇನ್ನೊಂದು ಪದಕವೇನೋ ಅನ್ನಿಸಬೇಕು.

ಮೆಟ್ಟಿಲ ಮೇಲಿನ ಅಮ್ಮಂದಿರು

ಕ್ಲಬ್ಬಿನ ಹಾಲ್‌ಗೆ ತಗಡಿನ ಮಾಡು. ಒಳಗೆ ಕಾಲಿಟ್ಟರೆ ಮೊದಲು ಬರುವುದು ಚಾಕ್ ಪುಡಿಯ ವಾಸನೆ. ಬಾರ್ ಹಿಡಿದಾಗ ಕೈ ಜಾರಬಾರದೆಂದು ಮಕ್ಕಳು ಅಂಗೈಗೆ ಹಚ್ಚಿಕೊಳ್ಳುವ ಬಿಳಿ ಪುಡಿ ಅದು. ಒಂದು ಕಡೆ ಎತ್ತರ ತಗ್ಗಿನ ಎರಡು ಬಾರ್‌ಗಳು, ಇನ್ನೊಂದು ಕಡೆ ಬೀಮ್. ಬೀಮ್ ಅಂದರೆ ಐದು ಮೀಟರ್ ಉದ್ದದ ತೊಲೆ, ಅಗಲ ಬರೀ 10 ಸೆಂಟಿಮೀಟರ್. ನೆಲದಿಂದ 125 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ನಮ್ಮ ಅಂಗೈ ಅಗಲದ ಜಾಗದಲ್ಲಿ ಮಕ್ಕಳು ಹಿಂದಕ್ಕೆ ಬಾಗಿ ಲಾಗ ಹಾಕುತ್ತಾರೆ. ನೋಡುವವರ ಹೊಟ್ಟೆಯಲ್ಲಿ ತಳಮಳ.

ಹೊರಗಿನ ಮೆಟ್ಟಿಲುಗಳು ಅಮ್ಮಂದಿರ ಜಾಗ. ಕಾಗದದ ಪೊಟ್ಟಣದಲ್ಲಿ ಮೂಡಿ, ಅಂದರೆ ನಮ್ಮ ಮಂಡಕ್ಕಿ, ಸಾಸಿವೆ ಎಣ್ಣೆ ಹಚ್ಚಿ ಕಲಸಿದ್ದು, ಜೊತೆಗೆ ಕೆಂಪು ಚಹಾ. ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ರಜೆ. ಯಾರ ಮಗಳು ಎಷ್ಟು ದಿನ ತಪ್ಪಿಸಿದಳು, ತಪ್ಪಿಸಿದ್ದಕ್ಕೆ ಏನೇನು ಹೋಯಿತು. "ಒಂದು ದಿನ ಬಿಟ್ಟರೆ ಮೂರು ದಿನ ಹಿಂದೆ" ಅಂತ ಒಬ್ಬರು, "ಮೂರಲ್ಲ, ಏಳು" ಅಂತ ಇನ್ನೊಬ್ಬರು. ಮದುವೆಗೆ ಗುವಾಹಟಿಗೆ ಹೋಗಬೇಕಾದವರು ಮಗಳನ್ನು ಅಜ್ಜಿ ಜೊತೆ ಬಿಟ್ಟು ಹೋದದ್ದೂ ಉಂಟು.

ತಮಾಷೆ ಏನೆಂದರೆ ಇಡೀ ಊರು ರಜೆಯ ಊರು. ದುರ್ಗಾ ಪೂಜೆಗೆ ಐದು ದಿನ ಎಲ್ಲವೂ ಬಂದ್. ಜುಲೈ ಹೊತ್ತಿಗೆ ಹಳೇ ಅಗರ್ತಲಾದಲ್ಲಿ ಏಳು ದಿನದ ಖಾರ್ಚಿ ಪೂಜೆ. ಮಳೆಗಾಲದಲ್ಲಿ ಹಾವ್ರಾ ನದಿ ತುಂಬಿ ರಸ್ತೆಗೆ ನೀರು ಬಂದರೆ ಶಾಲೆಯೇ ಇಲ್ಲ. ಇಷ್ಟೆಲ್ಲದರ ನಡುವೆಯೇ ಈ ಊರು ಜಿಮ್ನಾಸ್ಟ್‌ಗಳನ್ನು ಬೆಳೆಸಿದೆ. ಅಂದರೆ ರಜೆಯ ಲೆಕ್ಕ ಮೆಟ್ಟಿಲ ಮೇಲೆ ಕೇಳಿದಷ್ಟು ಸರಳವಲ್ಲ. ನಮಗೆ ಅದು ಅರ್ಥವಾಗುವ ಸಮಯ ಹೋದ ವರ್ಷ ಬಂತು.

ಒಂಬತ್ತು ವಾರ

ಮಾರ್ಚ್ ಕೊನೆಯ ವಾರ ಊರಿಂದ ಫೋನ್. ಹೊಳೆನರಸೀಪುರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಬೇಕು, ಆಮೇಲೆ ನೋಡಿಕೊಳ್ಳಲು ಜನ ಬೇಕು. ಯಜಮಾನರಿಗೆ ಹೆಚ್ಚು ರಜೆ ಸಿಗುವಂತಿರಲಿಲ್ಲ. ನಾನೂ ಮಗಳೂ ಹೊರಡುವುದೆಂದಾಯಿತು. ಅವಳ ವಾರ್ಷಿಕ ಪರೀಕ್ಷೆ ಮುಗಿದಿತ್ತು, ಶಾಲೆಯ ಚಿಂತೆ ಅಷ್ಟಾಗಿ ಇರಲಿಲ್ಲ. ಆದರೆ ಜುಲೈನಲ್ಲಿ ರಾಜ್ಯ ಮಟ್ಟದ ಸ್ಪರ್ಧೆ ಇತ್ತು, ಮೊದಲ ಬಾರಿಗೆ ಅವಳ ಹೆಸರು ಪಟ್ಟಿಯಲ್ಲಿತ್ತು.

ಇನ್ನೊಂದು ವಿಷಯವೂ ಇತ್ತು. ಅದಕ್ಕೆ ಒಂದು ತಿಂಗಳ ಹಿಂದಿನಿಂದ ಅವಳಿಗೆ ಹಿಮ್ಮಡಿ ನೋವು. ಬೆಳಗ್ಗೆ ಎದ್ದ ತಕ್ಷಣ ತುದಿಗಾಲಲ್ಲಿ ನಡೆಯುತ್ತಿದ್ದಳು. ಡಾಕ್ಟರು ನೋಡಿ, ಬೆಳೆಯುವ ಮಕ್ಕಳಲ್ಲಿ ಹಿಮ್ಮಡಿ ಮೂಳೆಯ ತುದಿಯಲ್ಲಿ ಮೃದುವಾದ ಒಂದು ಪದರ ಇರುತ್ತದೆ, ಮೂಳೆ ಬೆಳೆಯುವುದೇ ಅಲ್ಲಿ, ಪದೇಪದೇ ನೆಗೆದು ಇಳಿದರೆ ಅದಕ್ಕೆ ಏಟು ಅಂದಿದ್ದರು. ಕೋಚ್ ಅವಳಿಗೆ ನೆಗೆತ ಕಡಿಮೆ ಮಾಡಿಸಿದ್ದರು. ನೋವು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ.

ಎರಡು ತಿಂಗಳು ಬರುವುದಿಲ್ಲ ಅಂತ ಹೇಳಲು ಹೋದಾಗ ಕೋಚ್ ಸರ್ ಸಿಟ್ಟಾಗುತ್ತಾರೇನೋ ಅಂತ ಅಳುಕಿತ್ತು. ಐವತ್ತು ದಾಟಿದ ಮನುಷ್ಯ, ಮಾತು ಕಮ್ಮಿ. ಬಂಗಾಳಿ ಬೆರೆತ ಹಿಂದಿಯಲ್ಲಿ, "ದಿದಿ, ಅಜ್ಜಿ ಮೊದಲು" ಅಂದರು. ಆಮೇಲೆ ಬೆರಳು ಮಡಚುತ್ತಾ ಲೆಕ್ಕ ಹೇಳಿದರು. ಮೊದಲು ಹೋಗುವುದು ಅಂಗೈಯ ಗಟ್ಟಿ ಚರ್ಮ. ಆಮೇಲೆ ದಮ್ಮು. ಆಮೇಲೆ ಭುಜ ಮತ್ತು ತೊಡೆಯ ಸಡಿಲ. ಆಮೇಲೆ ಹೊಟ್ಟೆ ತೋಳುಗಳ ಬಲ. ಕಡೆಗೆ ಉಳಿಯುವುದು ಕಲಿತ ವಿದ್ಯೆ, ಸೈಕಲ್ ಕಲಿತ ಹಾಗೆ, ಅದು ಬೇಗ ಹೋಗುವುದಿಲ್ಲ. "ಆದರೆ ಒಂದು ಇದೆ," ಅಂದರು. "ಗಾಳಿಯಲ್ಲಿ ತಾನು ಎಲ್ಲಿದ್ದೇನೆ ಅನ್ನುವ ಅಂದಾಜು. ಅದು ಹೋಗುತ್ತದೆ. ಅದು ಹೋಗಿದೆ ಅಂತ ಮಗುವಿಗೆ ಗೊತ್ತಿರುವುದಿಲ್ಲ. ಅಪಾಯ ಇರುವುದು ರಜೆಯಲ್ಲಲ್ಲ, ವಾಪಸ್ ಬಂದ ಮೊದಲ ವಾರದಲ್ಲಿ."

ಒಂದು ಚೀಟಿ ಬರೆದುಕೊಟ್ಟರು. ದಿನಕ್ಕೆ ಹದಿನೈದು ನಿಮಿಷ ಸಾಕು: ಗೋಡೆಗೆ ಒರಗಿ ಕೈಮೇಲೆ ನಿಲ್ಲುವುದು, ಅಂಗಾತ ಮಲಗಿ ದೋಣಿಯ ಹಾಗೆ ಕೈಕಾಲು ಎತ್ತಿ ಹಿಡಿಯುವುದು, ಎರಡೂ ಕಡೆ ಕಾಲು ಚಾಚಿ ಸ್ಪ್ಲಿಟ್, ಗಟ್ಟಿ ಕೊಂಬೆ ಸಿಕ್ಕರೆ ಜೋತು ಬೀಳುವುದು. ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ, ಗಟ್ಟಿ ನೆಲದ ಮೇಲೆ ಲಾಗ ಬೇಡ.

ಅಗರ್ತಲಾದಿಂದ ಬೆಂಗಳೂರಿಗೆ ನೇರ ರೈಲು ಇದೆ, ಹಮ್‌ಸಫರ್ ಎಕ್ಸ್‌ಪ್ರೆಸ್. ಹೆಚ್ಚುಕಮ್ಮಿ ಮೂರು ದಿನದ ಪ್ರಯಾಣ. ಬದರ್‌ಪುರ ದಾಟಿ ಅಸ್ಸಾಮಿನ ಗುಡ್ಡಗಳಲ್ಲಿ ಒಂದರ ಹಿಂದೊಂದು ಸುರಂಗ, ಆಮೇಲೆ ಬಂಗಾಳದ ಗದ್ದೆ ಬಯಲು, ಒಡಿಶಾ, ಆಂಧ್ರ. ಮಗಳು ಮೊದಲ ದಿನ ಮೇಲಿನ ಬರ್ತಿಗೆ ಏಣಿ ಮುಟ್ಟದೆ ಹತ್ತಿ ಇಳಿದು ಸಹಪ್ರಯಾಣಿಕರಿಗೆಲ್ಲ ಪ್ರದರ್ಶನ ಕೊಟ್ಟಳು. ಎರಡನೇ ದಿನ ಅವಳಿಗೇ ಬೇಜಾರು.

ಊರಲ್ಲಿ ಅತ್ತೆ ಮಂಚದ ಮೇಲೆ ಮಲಗಿದ್ದವರು ಮೊಮ್ಮಗಳನ್ನು ನೋಡಿ, "ಏನವ್ವಾ ಇದು, ಎದೆಗೂಡು ಕಾಣಂಗೆ ಆಗಿದೀಯ. ಊಟ ಹಾಕಲ್ವೇನೇ ನಿಮ್ಮವ್ವ?" ಅಂದರು. ಆಪರೇಷನ್ ಆದ ಮರುದಿನವೇ ಡಾಕ್ಟರು ಅತ್ತೆಯನ್ನು ವಾಕರ್ ಹಿಡಿಸಿ ನಿಲ್ಲಿಸಿದ್ದರಂತೆ. ಮನೆಗೆ ಬಂದ ಮೇಲೆ ಫಿಸಿಯೋ ಹುಡುಗ ವಾರಕ್ಕೆ ಮೂರು ದಿನ ಬಂದು ಕಾಲೆತ್ತುವ ವ್ಯಾಯಾಮ ಮಾಡಿಸುತ್ತಿದ್ದ. ಅಜ್ಜಿ ಮೊಮ್ಮಗಳು ಇಬ್ಬರೂ ಒಟ್ಟಿಗೇ ಶುರು ಮಾಡಿದರು. ಅಜ್ಜಿ ಕಾಲೆತ್ತುವುದು, ಇವಳು ಪಕ್ಕದ ಗೋಡೆಗೆ ಕೈಮೇಲೆ ನಿಲ್ಲುವುದು. "ಅಜ್ಜಿ, ಹತ್ತು ಎಣಿಸಿ" ಅಂತ ಇವಳು, "ತಲೆಕೆಳಗಾಗಿ ನಿಂತ್ಕೊಂಡು ನಂಗೇ ಹೇಳ್ತಾಳೆ" ಅಂತ ಅವರು.

ಹದಿನೈದು ನಿಮಿಷ ಮುಗಿದರೆ ಉಳಿದ ದಿನವೆಲ್ಲ ಅವಳದೇ. ಕುಂಟೆಬಿಲ್ಲೆ, ಮಾವಿನ ತೋಪು, ಚಿಕ್ಕಪ್ಪನ ಮಕ್ಕಳ ಜೊತೆ ಕೆರೆ ಏರಿ, ಊರ ಹಬ್ಬ. ಹಲಸಿನ ಹಣ್ಣು ತಿಂದು ಹೊಟ್ಟೆ ಕೆಡಿಸಿಕೊಂಡದ್ದೂ ಆಯಿತು. ಮೂರನೇ ವಾರದ ಒಂದು ಬೆಳಗ್ಗೆ ನೋಡುತ್ತೇನೆ, ಹುಡುಗಿ ಹಿಮ್ಮಡಿ ಊರಿ ನಡೆಯುತ್ತಿದ್ದಾಳೆ. ಕೇಳಿದರೆ, "ನೋವಾ? ಮರೆತೇ ಹೋಗಿತ್ತು" ಅಂದಳು. ಅಂಗೈ ಗಟ್ಟಿ ಚರ್ಮ ಸುಲಿದು ಮೊದಲಿನ ಹಾಗೆ ಮೆತ್ತಗಾಗಿತ್ತು. ಫ್ರಾಕುಗಳು ಗಿಡ್ಡವಾಗಿದ್ದವು.

ಮತ್ತೆ ಮೊದಲಿಂದ

ಜೂನ್ ಮೊದಲ ವಾರ ವಾಪಸ್ ಬಂದೆವು. ಅಗರ್ತಲಾದಲ್ಲಿ ಮಳೆ ಶುರುವಾಗಿತ್ತು, ಬೀದಿಯಲ್ಲೆಲ್ಲ ಕ್ವೀನ್ ಅನಾನಸ್ ರಾಶಿ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಪರಿಮಳ ಬೀದಿಯ ಈ ತುದಿಯಿಂದ ಆ ತುದಿಗೆ. ಕ್ಲಬ್ಬಿನಲ್ಲಿ ಕೋಚ್ ಸರ್ ಮೊದಲು ಅವಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ಹೆಚ್ಚುಕಮ್ಮಿ ಎರಡು ಸೆಂಟಿಮೀಟರ್ ಬೆಳೆದಿದ್ದಳು. ಆಮೇಲೆ ನಗುತ್ತಾ ಅಂದರು, "ಆಬಾರ್ ಶುರು ಥೇಕೆ." ಮತ್ತೆ ಮೊದಲಿಂದ.

ಮೊದಲ ವಾರ ಪುಟಾಣಿಗಳ ಜೊತೆ ಉರುಳುವುದು, ಕೈಮೇಲೆ ನಿಲ್ಲುವುದು, ನೆಗೆದು ಮೊಣಕಾಲು ಮಡಚಿ ಇಳಿಯುವುದು, ಇಷ್ಟೇ. ಅವಳಿಗೆ ಅವಮಾನ. "ಅಮ್ಮ, ಇವೆಲ್ಲ ನಂಗೆ ಬರುತ್ತೆ, ಆದ್ರೂ ಸರ್ ಬಿಡಲ್ಲ." ಎರಡನೇ ವಾರ ಬಾರ್ ಮುಟ್ಟಿದ ಮೊದಲ ದಿನವೇ ಅಂಗೈ ಹರಿದು ರಕ್ತ. ಮೂರು ದಿನ ಅನ್ನ ಕಲಸಿ ತಿನ್ನಲಾಗದೆ ಚಮಚ ಹಿಡಿದಳು.

ಬಾರ್‌ನಲ್ಲಿ ಇನ್ನೂ ಒಂದು ತಮಾಷೆ. ಉಯ್ಯಾಲೆಯ ಹಾಗೆ ತೂಗಿ ಮೇಲೆ ಹೋಗುವ ಒಂದು ಅಭ್ಯಾಸ ಮೊದಲು ಕಣ್ಣು ಮುಚ್ಚಿ ಮಾಡುತ್ತಿದ್ದಳು. ಈಗ ಪ್ರತಿ ಸಲವೂ ಸ್ವಲ್ಪದರಲ್ಲಿ ತಪ್ಪುತ್ತಿತ್ತು. ಅವಳು ಮರೆತಿರಲಿಲ್ಲ. ಉದ್ದವಾದ ಕಾಲು ತೂಗಲು ಹೊತ್ತು ಹೆಚ್ಚು ಹಿಡಿಯುತ್ತದೆ, ಹಳೇ ಲೆಕ್ಕದಲ್ಲಿ ಎಳೆದುಕೊಂಡರೆ ಹೊಂದುವುದಿಲ್ಲ. ಕೋಚ್ ಹೇಳಿದ್ದು ಇಷ್ಟೇ: "ಅವಳ ವಿದ್ಯೆ ಹಳೇ ಅಳತೆಗೆ ಹೊಲಿದ ಬಟ್ಟೆ. ಬಟ್ಟೆ ಹಾಳಾಗಿಲ್ಲ, ಬಿಚ್ಚಿ ಹೊಲಿಯಬೇಕು." ರಜೆ ಹಾಕದೆ ಇದ್ದಿದ್ದರೂ ಈ ಹುಡುಗಿ ಬೆಳೆಯುತ್ತಲೇ ಇದ್ದಳಲ್ಲ, ಆಗಲೂ ಈ ಹೊಲಿಗೆ ಕೆಲಸ ತಪ್ಪುತ್ತಿರಲಿಲ್ಲ.

ಕಷ್ಟವಾದದ್ದು ಬೀಮ್. ನಿಂತಲ್ಲಿಂದ ಹಿಂದಕ್ಕೆ ಬಾಗಿ, ಕೈ ಊರಿ, ಒಂದೊಂದೇ ಕಾಲು ತಿರುಗಿಸಿ ನಿಲ್ಲುವ ಬ್ಯಾಕ್ ವಾಕ್‌ಓವರ್ ಅವಳ ಹೆಮ್ಮೆಯ ವಿದ್ಯೆ. ನೆಲದ ಮೇಲೆ ಮೊದಲ ದಿನವೇ ಬಂತು. ಬೀಮ್ ಮೇಲೆ ಹತ್ತಿ ಕೈ ಎತ್ತಿ ನಿಂತಳು, ಕೈ ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಇಪ್ಪತ್ತು ನಿಮಿಷ. ಯಾರೂ ಗದರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ, "ಅಮ್ಮ, ನಾನು ಬಿಟ್ಬಿಡ್ಲಾ?" ಅಂದಳು. ಯಜಮಾನರು ನನ್ನ ಮುಖ ನೋಡಿದರು. ನಾನು, "ಬಿಡಬೇಕು ಅಂತಿದ್ರೆ ಬಿಡು ಪುಟ್ಟಿ, ಯಾರೂ ಏನೂ ಅನ್ನಲ್ಲ. ಆದ್ರೆ ಹೆದರಿಕೆ ಇರೋ ದಿನ ತೀರ್ಮಾನ ಮಾಡ್ಬೇಡ" ಅಂದೆ. ಅವಳು ಏನೂ ಹೇಳಲಿಲ್ಲ.

ಮರುದಿನ ಕೋಚ್ ಬೀಮಿನ ಎರಡೂ ಪಕ್ಕ ಮ್ಯಾಟ್‌ಗಳನ್ನು ಬೀಮಿನ ಎತ್ತರದವರೆಗೆ ಪೇರಿಸಿದರು. ಈಗ ಬೀಮ್ ಇದ್ದೂ ಇಲ್ಲದ ಹಾಗೆ, ತಪ್ಪಿದರೆ ಬೀಳುವುದು ಮೆತ್ತೆಯ ಮೇಲೆ. ಮಾಡಿದಳು. ಕೆಲವು ದಿನ ಹಾಗೇ ಮಾಡಿಸಿ ಒಂದು ಮ್ಯಾಟ್ ತೆಗೆದರು. ಮತ್ತೆ ಕೆಲವು ದಿನ, ಮತ್ತೊಂದು. ಹೆದರಿಕೆ ಬಂದ ದಿನ ತೆಗೆದ ಮ್ಯಾಟನ್ನು ವಾಪಸ್ ಇಟ್ಟದ್ದೂ ಉಂಟು. ಜುಲೈ ಸ್ಪರ್ಧೆಗೆ ಅವಳ ಹೆಸರು ತೆಗೆಸಿದೆವು. ಅವಳು ಹೋಗಿ ಗೆಳತಿಯರಿಗೆ ಚಪ್ಪಾಳೆ ತಟ್ಟಿ ಬಂದು, ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಳು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಕೊನೆಯ ಮ್ಯಾಟ್ ಹೋಯಿತು. ವಾಲ್ಟಿನ ಒಂದು ನೆಗೆತ ಮಾತ್ರ ಇನ್ನೂ ವಾಪಸ್ ಬಂದಿಲ್ಲ. ಎತ್ತರ ಬೆಳೆಯುವ ವೇಗ ಸ್ವಲ್ಪ ಇಳಿಯಲಿ, ಮುಂದಿನ ವರ್ಷ ನೋಡೋಣ ಅಂದಿದ್ದಾರೆ. ಬರದೆಯೂ ಇರಬಹುದು.

ಎಲ್ಲ ರಜೆಯೂ ಒಂದೇ ಅಲ್ಲ

ಮೆಟ್ಟಿಲ ಮೇಲೆ ಕೂತು ಕೂತು ನನಗೆ ತಿಳಿದದ್ದು, ರಜೆಯಲ್ಲಿ ಬೇರೆಬೇರೆ ಬಗೆ ಇವೆ.

ಒಂದು, ನಾವೇ ತೆಗೆದುಕೊಳ್ಳುವ ರಜೆ. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2016ರಲ್ಲಿ ಕೊಟ್ಟ ಸಲಹೆ ಹೀಗಿದೆ: ಒಂದೇ ಆಟದಲ್ಲಿ ತೊಡಗಿದ ಮಕ್ಕಳಿಗೆ ವಾರಕ್ಕೆ ಒಂದೋ ಎರಡೋ ದಿನ ಬಿಡುವು ಬೇಕು, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ದೂರ ಇರಬೇಕು, ಅದನ್ನು ಒಂದೊಂದು ತಿಂಗಳಾಗಿ ಹಂಚಿಕೊಳ್ಳಬಹುದು. ಮೆಟ್ಟಿಲ ಮೇಲೆ ಇದನ್ನು ಹೇಳಿದಾಗ ಅಮ್ಮಂದಿರು ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ಜಿಮ್ನಾಸ್ಟಿಕ್ಸ್‌ನಲ್ಲಿ ಮೂರು ತಿಂಗಳು ಯಾರೂ ಬಿಡುವುದಿಲ್ಲ ನಿಜ. ಆದರೆ ಲಾಗ ಹಾಕಿ ಇಳಿಯುವಾಗ ಮಗುವಿನ ಕಾಲಿನ ಮೇಲೆ ಅದರ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಕೈಮೇಲೆ ನಿಲ್ಲುವ ಆಟ ಆದ್ದರಿಂದ ಮಣಿಕಟ್ಟಿಗೂ ಹಾಗೇ. ಬೆಳೆಯುವ ಮೂಳೆಗೆ ಆಗಾಗ ಸುಧಾರಿಸಿಕೊಳ್ಳಲು ಹೊತ್ತು ಬೇಕು ಅನ್ನುವುದು ಆ ಸಲಹೆಯ ತಿರುಳು.

ಎರಡು, ದೇಹವೇ ಕಿತ್ತುಕೊಳ್ಳುವ ರಜೆ. ನಮ್ಮ ಕ್ಲಬ್ಬಿನ ಒಬ್ಬ ಹುಡುಗ ಮಣಿಕಟ್ಟಿನ ನೋವನ್ನು ಯಾರಿಗೂ ಹೇಳದೆ, ಬಟ್ಟೆ ಸುತ್ತಿಕೊಂಡು ಅಭ್ಯಾಸ ಮಾಡಿದ. ಹತ್ತು ದಿನದ ಬಿಡುವು ಸಾಲಬಹುದಿತ್ತು, ಕೊನೆಗೆ ಮೂರು ತಿಂಗಳಾಯಿತು. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ದೀಪಾ ಅವರಿಗೆ 2017ರಲ್ಲಿ ಮೊಣಕಾಲಿನ ಆಪರೇಷನ್ ಆಯಿತು. 2018ರ ಜುಲೈನಲ್ಲಿ ಟರ್ಕಿಯ ಮೆರ್ಸಿನ್‌ನಲ್ಲಿ ವಾಲ್ಟ್ ಚಿನ್ನ ಗೆದ್ದು ಬಂದರು. ಆದರೆ ಮರುತಿಂಗಳೇ ಏಷ್ಯನ್ ಕ್ರೀಡಾಕೂಟದಲ್ಲಿ ಮೊಣಕಾಲು ಮತ್ತೆ ಕೈಕೊಟ್ಟಿತು. ಆಮೇಲೆ ನಿಷೇಧಿತ ಪದಾರ್ಥದ ಪ್ರಕರಣದಲ್ಲಿ 21 ತಿಂಗಳ ಅಮಾನತು, ಅದು ಮುಗಿದದ್ದು 2023ರ ಜುಲೈಗೆ. ಇನ್ನು ಮುಗಿಯಿತು ಅಂತ ಊರಲ್ಲೇ ಎಷ್ಟೋ ಜನ ಅಂದುಕೊಂಡಿದ್ದರಂತೆ. 2024ರ ಮೇ ತಿಂಗಳಲ್ಲಿ ತಾಷ್ಕೆಂಟ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ, ಮೂವತ್ತನೇ ವಯಸ್ಸಿನಲ್ಲಿ, ವಾಲ್ಟ್ ಚಿನ್ನ ಗೆದ್ದರು. ಹಿರಿಯರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. ಅದೇ ಅಕ್ಟೋಬರಿನಲ್ಲಿ ನಿವೃತ್ತಿ.

ಬೇಕೆಂದೇ ಬಿಟ್ಟು, ಬೇಕೆಂದೇ ವಾಪಸ್ ಬಂದವರ ಪೈಕಿ ಅಮೆರಿಕದ ಸಿಮೋನ್ ಬೈಲ್ಸ್ ಹೆಸರು ಎಲ್ಲರಿಗೂ ಗೊತ್ತು. ರಿಯೊ ನಂತರ 2017ರ ಇಡೀ ವರ್ಷ ಸ್ಪರ್ಧೆಗೆ ಇಳಿಯಲಿಲ್ಲ. 2018ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕು ಚಿನ್ನ ಸೇರಿ ಆರು ಪದಕ ಗೆದ್ದರು. ಟೋಕಿಯೊದಲ್ಲಿ ಗಾಳಿಯಲ್ಲಿ ದಿಕ್ಕು ತಪ್ಪಿದಂತಾಗಿ ಹಿಂದೆ ಸರಿದು, ಎರಡು ವರ್ಷ ಬಿಟ್ಟು ಬಂದು 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ. ನಮ್ಮ ಮಕ್ಕಳು ಬೈಲ್ಸ್ ಅಲ್ಲ, ಗೊತ್ತು. ಆದರೆ ನಮ್ಮ ಕೋಚ್ ಹೇಳಿದ ಗಾಳಿಯ ಅಂದಾಜು ಎಷ್ಟು ದೊಡ್ಡ ವಿಷಯ ಅಂತ ತಿಳಿಯಲು ಟೋಕಿಯೊ ಸಾಕು.

ಮೂರನೆಯದು, ವಾಪಸ್ ಬಾರದ ರಜೆ. ಕ್ಲಬ್ಬಿನ ಒಬ್ಬ ಹುಡುಗಿ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಗೆಂದು ಎಂಟು ತಿಂಗಳು ಬಿಟ್ಟಳು. ಪರೀಕ್ಷೆ ಮುಗಿದ ಮೇಲೆ ಬಂದು ಒಂದು ವಾರ ಮಾಡಿ, "ಇನ್ನು ಸಾಕು" ಅಂದಳು. ಅವಳ ತಾಯಿ ನನ್ನ ಪಕ್ಕದಲ್ಲೇ ಕೂರುತ್ತಿದ್ದವರು, "ಒಂಬತ್ತು ವರ್ಷ ಕರೆದುಕೊಂಡು ಬಂದೆ, ಪುಟ್ಟೀರ್ ಮಾ. ಈಗ ಸಂಜೆ ಏನು ಮಾಡಬೇಕು ಅಂತ ನನಗೇ ಗೊತ್ತಾಗ್ತಿಲ್ಲ" ಅಂದರು. ಆ ಹುಡುಗಿ ಈಗ ವಾರಕ್ಕೆ ಎರಡು ಸಂಜೆ ಬಂದು ಐದಾರು ವರ್ಷದ ಪುಟಾಣಿಗಳಿಗೆ ಕೈಮೇಲೆ ನಿಲ್ಲುವುದನ್ನು ಹೇಳಿಕೊಡುತ್ತಾಳೆ. ಅಮ್ಮನೂ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ.

ನಿಮ್ಮ ಮನೆಯಲ್ಲೂ ಜಿಮ್ನಾಸ್ಟಿಕ್ಸ್‌ಗೋ ಸ್ಕೇಟಿಂಗ್‌ಗೋ ಮಲ್ಲಕಂಬಕ್ಕೋ ಹೋಗುವ ಮಕ್ಕಳಿದ್ದರೆ ನಾನು ಹೇಳುವುದು ಇಷ್ಟು. ಒಂದು ವಾರದ ರಜೆಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಎರಡು ತಿಂಗಳ ರಜೆಯಾದರೆ ವಾಪಸ್ ಬರಲು ಅಷ್ಟೇ ಹೊತ್ತು ಬೇಕಾದೀತು ಅಂತ ಮನಸ್ಸಿಗೆ ಹೇಳಿಕೊಳ್ಳಿ, ಮಗುವಿಗೂ ಹೇಳಿ. ರಜೆಯಿಂದ ಬಂದ ಮಗುವಿಗೆ ಮೊದಲ ದಿನವೇ "ಅದು ಮಾಡಿ ತೋರಿಸು" ಅನ್ನಬೇಡಿ. ಒಂದೇ ಜಾಗದಲ್ಲಿ ನೋವು ಎರಡು ವಾರ ಉಳಿದರೆ ಡಾಕ್ಟರಿಗೆ ತೋರಿಸಿ.

ನೀವು ಬರುವುದಾದರೆ

ಅಗರ್ತಲಾ ನೋಡಲು ಅಕ್ಟೋಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮೂರು ದಿನ ರೈಲಿನಲ್ಲಿ ಕೂರಲು ಆಗದವರು ಕೋಲ್ಕತ್ತಾಗೆ ಬಂದು ಅಲ್ಲಿಂದ ವಿಮಾನ ಹಿಡಿಯಬಹುದು. ಅರಮನೆ ನೋಡಿ. ಸಂಜೆ ಅಖೌರಾ ಗಡಿ ನೋಡಿ. ಉದಯಪುರದ ತ್ರಿಪುರಸುಂದರಿ ದೇವಸ್ಥಾನ ಐವತ್ತೈದು ಕಿಲೋಮೀಟರ್, ಅಲ್ಲಿನ ಹಾಲಿನ ಪೇಡ ನಮ್ಮ ಧಾರವಾಡದ್ದಕ್ಕಿಂತ ಬಿಳಿ, ಮೆತ್ತಗೆ. ರುದ್ರಸಾಗರ ಕೆರೆಯ ನಡುವಿನ ನೀರ್‌ಮಹಲ್‌ಗೆ ದೋಣಿಯಲ್ಲಿ ಹೋಗಬೇಕು.

ಜಿಮ್ನಾಸ್ಟಿಕ್ಸ್ ನೋಡಬೇಕಾದರೆ ದುರ್ಗಾ ಪೂಜೆಯ ವಾರ ಬರಬೇಡಿ, ಹಾಲ್‌ಗೆ ಬೀಗ ಹಾಕಿರುತ್ತದೆ. ಈ ಸಲ ಪೂಜೆಗೆ ಮುಂಚಿನ ಸಂಜೆ ಕೋಚ್ ಸರ್ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ರಜೆಯ ಚೀಟಿ ಓದಿದರು. ಹೊಸ ಬಟ್ಟೆ, ಮಿಷ್ಟಿ, ರಾತ್ರಿ ಊರು ಸುತ್ತುವುದು, ಮಧ್ಯಾಹ್ನ ನಿದ್ದೆ. ವ್ಯಾಯಾಮದ ಹೆಸರೇ ಇರಲಿಲ್ಲ. ಮಕ್ಕಳು ಹೋ ಎಂದು ಕೂಗಿ ಓಡಿದರು. ನಾವು ಅಮ್ಮಂದಿರು ಮೆಟ್ಟಿಲಿಂದ ಎದ್ದು, ಐದು ದಿನ ಎಷ್ಟು ಹಿಂದೆ ಹೋಗುತ್ತದೋ ಎಂದು ಲೆಕ್ಕ ಹಾಕುತ್ತಲೇ ಮನೆ ಕಡೆ ನಡೆದೆವು.